ಐರ್ಲೆಂಡ್: ಒಂದು ಕಥೋಲಿಕ ದೇಶದ ಬೆಂಚುಗಳು ಖಾಲಿಯಾದ ಬಗೆ

1979ರ ಸೆಪ್ಟೆಂಬರ್ 29, ಶನಿವಾರ. ಡಬ್ಲಿನ್ ನಗರದ ಫೀನಿಕ್ಸ್ ಪಾರ್ಕ್‌ನಲ್ಲಿ ಪೋಪ್ ಎರಡನೇ ಜಾನ್ ಪೌಲ್ ಬಲಿಪೂಜೆ (ಮಾಸ್) ಅರ್ಪಿಸಿದರು. ಅಲ್ಲಿ ಸೇರಿದ್ದವರು ಹನ್ನೆರಡೂವರೆ ಲಕ್ಷ ಎಂದು ಅಂದಾಜು. ಆಗ ಐರ್ಲೆಂಡ್ ಗಣರಾಜ್ಯದ ಒಟ್ಟು ಜನಸಂಖ್ಯೆಯೇ ಸುಮಾರು 34 ಲಕ್ಷ. ದೇಶದ ಮೂರನೇ ಒಂದು ಭಾಗದಷ್ಟು ಜನ ಒಂದೇ ಬೆಳಿಗ್ಗೆ, ಒಂದೇ ಮೈದಾನದಲ್ಲಿ ನಿಂತಿದ್ದರು.

2018ರ ಆಗಸ್ಟ್ 26, ಭಾನುವಾರ. ಅದೇ ಪಾರ್ಕ್. ಈ ಸಲ ಬಂದವರು ಪೋಪ್ ಫ್ರಾನ್ಸಿಸ್. ಐದು ಲಕ್ಷ ಟಿಕೆಟ್ ಹಂಚಿದ್ದರು. ಗಾಳಿ ಮಳೆ ಇತ್ತು ನಿಜ. ಆದರೂ ಬಂದವರು ಒಂದೂವರೆ ಲಕ್ಷದ ಆಸುಪಾಸು ಮಾತ್ರ ಎಂದು ಪಾರ್ಕ್ ನೋಡಿಕೊಳ್ಳುವ ಸರ್ಕಾರಿ ಕಚೇರಿ ಲೆಕ್ಕ ಹೇಳಿತು. ಅಷ್ಟರಲ್ಲಿ ದೇಶದ ಜನಸಂಖ್ಯೆ 48 ಲಕ್ಷ ದಾಟಿತ್ತು.

ನಡುವೆ 39 ವರ್ಷ. ಒಂದೇ ತಲೆಮಾರು ಅನ್ನಬಹುದು. ಯುರೋಪಿನ ಬೇರೆ ದೇಶಗಳಲ್ಲಿ ಜನ ಚರ್ಚಿನಿಂದ ದೂರವಾಗಲು ಇನ್ನೂರು ವರ್ಷ ಹಿಡಿಯಿತು. ಐರ್ಲೆಂಡ್‌ನಲ್ಲಿ ಅದು ನಾಲ್ಕು ದಶಕದಲ್ಲಿ ಆಗಿಹೋಯಿತು. ಅದಕ್ಕೇ ಈ ಪ್ರಕರಣವನ್ನು ಹತ್ತಿರದಿಂದ ನೋಡಬೇಕು. ನಿಧಾನವಾಗಿ ಆಗುವ ಬದಲಾವಣೆಯಲ್ಲಿ ಕಾರಣಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಇಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸಬಹುದು.

ನಮ್ಮ ಕಡೆ ಈ ವಿಷಯ ಬಂದಾಗ ಒಂದು ಸಿದ್ಧ ವಿವರಣೆ ಕೇಳಿಬರುತ್ತದೆ. ದುಡ್ಡು ಬಂತು, ಓದು ಹೆಚ್ಚಿತು, ಜನ ದೇವರನ್ನು ಮರೆತರು ಅಂತ. ಚರ್ಚಿನ ಪ್ರಸಂಗಗಳಲ್ಲೂ ಇದನ್ನೇ ಹೇಳುತ್ತಾರೆ. ಇದರಲ್ಲಿ ಸ್ವಲ್ಪ ಸತ್ಯ ಇದೆ. ಆದರೆ ಐರ್ಲೆಂಡ್‌ನ ದಾಖಲೆಗಳನ್ನು ಓದುತ್ತಾ ಹೋದರೆ ಬೇರೆಯೇ ಕಥೆ ಕಾಣುತ್ತದೆ. ಅಲ್ಲಿನ ಧರ್ಮಸಭೆಗೆ, ಅಂದರೆ ಕಥೋಲಿಕ ಚರ್ಚಿಗೆ, ಅಧಿಕಾರ ಜಾಸ್ತಿ ಆಗಿತ್ತು. ಆ ಅಧಿಕಾರವನ್ನು ಅದು ದುರ್ಬಲರ ಮೇಲೆ ಚಲಾಯಿಸಿತು. ಗೊತ್ತಾದಾಗ ಮುಚ್ಚಿಟ್ಟಿತು. ಜನ ಮೊದಲು ಕಳೆದುಕೊಂಡಿದ್ದು ಬಿಷಪರ ಮೇಲಿನ ನಂಬಿಕೆಯನ್ನು. ದೇವರ ಮೇಲಿನ ನಂಬಿಕೆ ಸಡಿಲವಾಗಿದ್ದು ಅದರ ಹಿಂದೆ.

ಅಷ್ಟು ಅಧಿಕಾರ ಬಂದಿದ್ದು ಎಲ್ಲಿಂದ

ಇದನ್ನು ಅರ್ಥ ಮಾಡಿಕೊಳ್ಳದೆ ಮುಂದಿನದು ಅರ್ಥವಾಗುವುದಿಲ್ಲ. ಇಂಗ್ಲಿಷರ ಆಳ್ವಿಕೆಯಲ್ಲಿ ಐರಿಷ್ ಕಥೋಲಿಕರಿಗೆ ಜಮೀನು ಕೊಳ್ಳುವುದಕ್ಕೆ, ಶಾಲೆ ನಡೆಸುವುದಕ್ಕೆ, ಸಂಸತ್ತಿನಲ್ಲಿ ಕೂರುವುದಕ್ಕೆ ಅಡ್ಡಿ ಹಾಕುವ ಕಾನೂನುಗಳಿದ್ದವು. ಡೇನಿಯಲ್ ಒ'ಕಾನೆಲ್ ನಡೆಸಿದ ಹೋರಾಟದಿಂದ 1829ರಲ್ಲಿ ಸಂಸತ್ತಿನ ಬಾಗಿಲು ತೆರೆಯಿತು. ಆಮೇಲೆ 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ದೊಡ್ಡ ಬರ ಬಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಊರು ಬಿಟ್ಟು ಹಡಗು ಹತ್ತಿದರು. ಅಂಥ ಹೊತ್ತಿನಲ್ಲಿ ಬಡವರ ಪಕ್ಕ ನಿಂತವರು ಹಳ್ಳಿಯ ಗುರುಗಳು, ಅಂದರೆ ಚರ್ಚಿನ ಪಾದ್ರಿಗಳು. ಕಥೋಲಿಕನಾಗಿರುವುದೂ ಐರಿಷ್ ಆಗಿರುವುದೂ ಒಂದೇ ಆಗಿಹೋಯಿತು.

ಆ ಗೌರವ ಸುಮ್ನೆ ಸಿಕ್ಕಿದ್ದಲ್ಲ. ಸಿಸ್ಟರುಗಳೂ ಬ್ರದರುಗಳೂ ಶಾಲೆ ಕಟ್ಟಿದರು, ಆಸ್ಪತ್ರೆ ನಡೆಸಿದರು. ಅಲ್ಲಿಂದ ಸಾವಿರಾರು ಮಂದಿ ಆಫ್ರಿಕಾ, ಅಮೆರಿಕ, ಆಸ್ಟ್ರೇಲಿಯಾ, ಭಾರತಕ್ಕೆ ಹೋದರು. ಮದರ್ ತೆರೇಸಾ 1928ರಲ್ಲಿ ಮೊದಲು ಸೇರಿದ್ದು ಡಬ್ಲಿನ್ ಹತ್ತಿರದ ರಾತ್‌ಫಾರ್ನಮ್‌ನಲ್ಲಿದ್ದ ಲೊರೆಟೊ ಮಠಕ್ಕೆ. ಕೋಲ್ಕತ್ತಕ್ಕೆ ಬಂದಿದ್ದು ಅಲ್ಲಿಂದಲೇ.

ಸ್ವಾತಂತ್ರ್ಯ ಬಂದ ಮೇಲೆ ಹೊಸ ಸರ್ಕಾರದ ಕೈಯಲ್ಲಿ ಹಣ ಇರಲಿಲ್ಲ. ಚರ್ಚಿನ ಕೈಯಲ್ಲಿ ಶಾಲೆ, ಆಸ್ಪತ್ರೆ, ಅನಾಥಾಶ್ರಮ, ಜನ ಎಲ್ಲವೂ ಇದ್ದವು. 1937ರ ಸಂವಿಧಾನ ಕಥೋಲಿಕ ಧರ್ಮಸಭೆಗೆ ವಿಶೇಷ ಸ್ಥಾನ ಇದೆ ಎಂದು ಬರೆಯಿತು. ವಿಚ್ಛೇದನವನ್ನು ನಿಷೇಧಿಸಿತು. ಗರ್ಭನಿರೋಧಕಗಳ ಮಾರಾಟ ಅದಕ್ಕೂ ಮೊದಲೇ, 1935ರಲ್ಲೇ ಅಪರಾಧವಾಗಿತ್ತು.

ಈ ಅಧಿಕಾರ ಹೇಗೆ ಕೆಲಸ ಮಾಡುತ್ತಿತ್ತು ಎನ್ನುವುದಕ್ಕೆ 1951ರ ಒಂದು ಘಟನೆ ಸಾಕು. ಆಗಿನ ಆರೋಗ್ಯ ಸಚಿವ ನೋಯೆಲ್ ಬ್ರೌನ್ ತಾಯಂದಿರಿಗೂ 16 ವರ್ಷದೊಳಗಿನ ಮಕ್ಕಳಿಗೂ ಉಚಿತ ಚಿಕಿತ್ಸೆ ಕೊಡುವ ಯೋಜನೆ ತಂದರು. ಆ ಕಾಲದಲ್ಲಿ ಐರ್ಲೆಂಡ್‌ನಲ್ಲಿ ಶಿಶುಗಳ ಸಾವು ತುಂಬಾ ಇತ್ತು. ಬಿಷಪರು ಒಪ್ಪಲಿಲ್ಲ. ಕುಟುಂಬದೊಳಗೆ ಸರ್ಕಾರ ಕೈಹಾಕಬಾರದು ಎಂದರು. ತಾಯಂದಿರಿಗೆ ಸರ್ಕಾರಿ ವೈದ್ಯರು ಏನು ಸಲಹೆ ಕೊಡುತ್ತಾರೋ ಎನ್ನುವ ಭಯವೂ ಅವರಿಗಿತ್ತು. ಆದಾಯಕ್ಕೆ ಪೆಟ್ಟು ಬೀಳುತ್ತದೆ ಎಂದು ವೈದ್ಯರ ಸಂಘವೂ ಜೊತೆಗೂಡಿತು. ಪ್ರಧಾನಿ ಜಾನ್ ಕಾಸ್ಟೆಲೊ ತಾನು ಧರ್ಮಸಭೆಯ ಮಾತಿಗೆ ವಿಧೇಯ ಎಂದು ಸಂಸತ್ತಿನಲ್ಲೇ ಹೇಳಿದರು. ಬ್ರೌನ್ ರಾಜೀನಾಮೆ ಕೊಟ್ಟರು. ಹೋಗುವಾಗ ಬಿಷಪರ ಜೊತೆ ನಡೆದ ಪತ್ರವ್ಯವಹಾರವನ್ನೆಲ್ಲ ಪತ್ರಿಕೆಗಳಿಗೆ ಕೊಟ್ಟುಬಿಟ್ಟರು.

ಬಾಣಂತಿಯರಿಗೆ, ಕೂಸುಗಳಿಗೆ ಔಷಧಿ ಕೊಡುವ ಕೆಲಸಕ್ಕೆ ಯೇಸುವಿನ ಹೆಸರಿನಲ್ಲಿ ಅಡ್ಡ ನಿಂತರು. ಇದನ್ನು ಓದುವಾಗ ಕ್ರೈಸ್ತನಾದ ನನಗೆ ನೋವಾಗುತ್ತದೆ. ಅವತ್ತು ಅವರು ಗೆದ್ದರು. ಆ ಗೆಲುವು ಎಷ್ಟು ದುಬಾರಿ ಎಂದು ಅವರಿಗೆ ಗೊತ್ತಾಗಲಿಲ್ಲ.

ಮೊದಲ ಸಡಿಲಿಕೆ

1960ರ ದಶಕದಲ್ಲಿ ಗಾಳಿ ಬದಲಾಯಿತು. 1961ರ ಕೊನೆಯ ದಿನ ದೇಶದ ಟಿವಿ ಕೇಂದ್ರ ಶುರುವಾಯಿತು. ಮನೆಯೊಳಗೆ ಮಾತಾಡದ ವಿಷಯಗಳನ್ನು ಟಿವಿಯಲ್ಲಿ ಮಾತಾಡತೊಡಗಿದರು. 1967ರಲ್ಲಿ ಪ್ರೌಢಶಾಲೆ ಶಿಕ್ಷಣ ಉಚಿತವಾಯಿತು. 1972ರಲ್ಲಿ ಜನಮತ ನಡೆಸಿ ಸಂವಿಧಾನದಿಂದ ವಿಶೇಷ ಸ್ಥಾನದ ಸಾಲನ್ನು ತೆಗೆದರು. 1973ರಲ್ಲಿ ದೇಶ ಯುರೋಪಿನ ಆರ್ಥಿಕ ಒಕ್ಕೂಟ ಸೇರಿತು. ಮದುವೆಯಾದ ಹೆಂಗಸರು ಸರ್ಕಾರಿ ಕೆಲಸ ಬಿಡಬೇಕೆಂಬ ನಿಯಮ ಹೋಗಿದ್ದೂ ಅದೇ ವರ್ಷ.

ಗಮನಿಸಬೇಕಾದ ಸಂಗತಿ ಏನೆಂದರೆ, ಇಷ್ಟೆಲ್ಲ ಆದರೂ ಚರ್ಚುಗಳು ಖಾಲಿಯಾಗಲಿಲ್ಲ. 1970ರ ದಶಕದ ಸಮೀಕ್ಷೆಗಳಲ್ಲಿ ಹತ್ತು ಕಥೋಲಿಕರಲ್ಲಿ ಒಂಬತ್ತು ಜನ ವಾರವಾರ ಪೂಜೆಗೆ ಹೋಗುತ್ತೇವೆ ಎಂದಿದ್ದರು. ಟಿವಿ ಬಂದಿತ್ತು, ಓದು ಬಂದಿತ್ತು, ಸ್ವಲ್ಪ ದುಡ್ಡೂ ಬಂದಿತ್ತು. ಬೆಂಚು ತುಂಬಿಯೇ ಇತ್ತು. 1983ರಲ್ಲಿ ಗರ್ಭಪಾತದ ವಿರುದ್ಧ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದಾಗ ಶೇಕಡ 67 ಜನ ಅದರ ಪರ ಮತ ಹಾಕಿದರು. 1986ರಲ್ಲಿ ವಿಚ್ಛೇದನಕ್ಕೆ ಬೇಡ ಎಂದರು. ಆಧುನಿಕತೆ ಬಂದರೆ ನಂಬಿಕೆ ತಾನಾಗಿಯೇ ಹೋಗುತ್ತದೆ ಎನ್ನುವವರು ಈ ಇಪ್ಪತ್ತು ವರ್ಷಗಳಿಗೆ ಉತ್ತರ ಕೊಡಬೇಕು.

ಬಿರುಕು

1979ರ ಪೋಪ್ ಭೇಟಿಗೆ ವಾಪಸ್ ಹೋಗೋಣ. ಡಬ್ಲಿನ್ ಮರುದಿನ ಗಾಲ್‌ವೇ ಹತ್ತಿರದ ಬ್ಯಾಲಿಬ್ರಿಟ್ ಕುದುರೆ ರೇಸಿನ ಮೈದಾನದಲ್ಲಿ ಯುವಜನರ ಪೂಜೆ ನಡೆಯಿತು. ಸುಮಾರು ಮೂರು ಲಕ್ಷ ಹುಡುಗ ಹುಡುಗಿಯರು. ಪೋಪ್ ಬರುವ ಮುಂಚೆ ವೇದಿಕೆ ಮೇಲಿದ್ದು ಅವರನ್ನು ಹುರಿದುಂಬಿಸಿದವರು ಇಬ್ಬರು. ಬಿಷಪ್ ಈಮನ್ ಕೇಸಿ ಮತ್ತು ಫಾದರ್ ಮೈಕಲ್ ಕ್ಲಿಯರಿ. ಇಬ್ಬರೂ ದೇಶಕ್ಕೆಲ್ಲ ಪರಿಚಿತರು, ಜನಪ್ರಿಯರು.

1992ರಲ್ಲಿ ಕೇಸಿಗೆ ಒಬ್ಬ ಮಗ ಇದ್ದಾನೆ ಎಂದು ಹೊರಬಂತು. ಮಗನ ತಾಯಿಗೆ ಕೊಟ್ಟ ಹಣ ಧರ್ಮಪ್ರಾಂತ್ಯದ (ಬಿಷಪರ ಆಡಳಿತದ ಪ್ರದೇಶ) ಖಾತೆಯದು ಎಂಬುದೂ ಬಯಲಾಯಿತು. ಅವರು ರಾಜೀನಾಮೆ ಕೊಟ್ಟು ದೇಶ ಬಿಟ್ಟರು. 1993ರಲ್ಲಿ ಕ್ಲಿಯರಿ ತೀರಿಕೊಂಡರು. ಅವರಿಗೂ ಮಕ್ಕಳಿದ್ದರು ಎಂದು ಆಮೇಲೆ ಗೊತ್ತಾಯಿತು. ಮುಂದೆ ಬಂದಿದ್ದಕ್ಕೆ ಹೋಲಿಸಿದರೆ ಇದು ಸಣ್ಣದು. ಆದರೆ ಆವತ್ತು ಮೈದಾನದಲ್ಲಿ ನಿಂತಿದ್ದ ಹುಡುಗಿಯರಿಗೆ ಅಷ್ಟರಲ್ಲಿ ಮೂವತ್ತರ ಆಸುಪಾಸು ವಯಸ್ಸು. ಮದುವೆ, ಮಕ್ಕಳು, ಸಂಯಮದ ಬಗ್ಗೆ ಪಾಪನಿವೇದನೆಯಲ್ಲಿ ಬೈಸಿಕೊಂಡು ಬೆಳೆದವರು ಅವರು.

ಆಮೇಲೆ ಒಂದರ ಹಿಂದೊಂದು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಗುರು ಬ್ರೆಂಡನ್ ಸ್ಮಿತ್ ಪ್ರಕರಣ 1994ರಲ್ಲಿ ಒಂದು ಸರ್ಕಾರವನ್ನೇ ಉರುಳಿಸಿತು. 2005ರಲ್ಲಿ ಫರ್ನ್ಸ್ ಧರ್ಮಪ್ರಾಂತ್ಯದ ವರದಿ ಬಂತು. 2009ರಲ್ಲಿ ಎರಡು ದೊಡ್ಡ ವರದಿಗಳು. ಮೇ ತಿಂಗಳ ರಯಾನ್ ವರದಿ, ಧಾರ್ಮಿಕ ಸಂಸ್ಥೆಗಳು ನಡೆಸುತ್ತಿದ್ದ ವಸತಿ ಶಾಲೆಗಳಲ್ಲಿ ಬಡ ಮಕ್ಕಳನ್ನು ದಶಕಗಳ ಕಾಲ ಹೊಡೆದದ್ದು, ಹಸಿವಿನಲ್ಲಿಟ್ಟದ್ದು, ಅತ್ಯಾಚಾರ ಮಾಡಿದ್ದು ಎಲ್ಲವನ್ನೂ ದಾಖಲಿಸಿತು. ನವೆಂಬರಿನ ಮರ್ಫಿ ವರದಿ ಡಬ್ಲಿನ್ ಮಹಾಧರ್ಮಪ್ರಾಂತ್ಯದ ಬಗ್ಗೆ. ಅಲ್ಲಿನ ಬಿಷಪರಿಗೆ ದೂರುಗಳು ಬಂದಿದ್ದವು. ಅವರು ಗುರುಗಳನ್ನು ಒಂದು ಧರ್ಮಕೇಂದ್ರದಿಂದ (ಸ್ಥಳೀಯ ಚರ್ಚಿನಿಂದ) ಇನ್ನೊಂದಕ್ಕೆ ಕಳಿಸಿದರು. ಅಲ್ಲಿಯೂ ಮಕ್ಕಳಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ತಪ್ಪು ಮಾಡುವ ವ್ಯಕ್ತಿಗಳು ಎಲ್ಲ ಸಂಸ್ಥೆಗಳಲ್ಲೂ ಇರುತ್ತಾರೆ ಎಂದು ಸಮಾಧಾನ ಹೇಳುವವರಿದ್ದಾರೆ. ಐರಿಷ್ ಜನರನ್ನು ಕಾಡಿದ್ದು ಬರೀ ಆ ವ್ಯಕ್ತಿಗಳಲ್ಲ. ಸಂಸ್ಥೆಯ ಹೆಸರು ಕೆಡಬಾರದು ಎಂದು ಮಕ್ಕಳ ಬಾಯಿ ಮುಚ್ಚಿಸಿದ ಮೇಲಿನವರು. ಪೂಜೆಗೆ ಹೋಗುತ್ತಿದ್ದ ಅಪ್ಪ ಅಮ್ಮಂದಿರೇ ತಮ್ಮ ಮಕ್ಕಳನ್ನು ಬಲಿಪೀಠದ ಸೇವೆಗೆ ಕಳಿಸಿದ್ದರು. ಗುರುಗಳ ಮೇಲೆ ದೂರು ಹೇಳಿದ ಮಗುವಿಗೆ ಎಷ್ಟೋ ಮನೆಗಳಲ್ಲಿ ಏಟು ಬಿದ್ದಿತ್ತು. ವರದಿ ಓದಿದಾಗ ಅವರಿಗೆ ಸಿಟ್ಟಿನ ಜೊತೆ ಪಶ್ಚಾತ್ತಾಪವೂ ಆಯಿತು. ಆ ಎರಡನ್ನೂ ಹೊತ್ತುಕೊಂಡು ಮತ್ತೆ ಅದೇ ಬೆಂಚಿನಲ್ಲಿ ಕೂರುವುದು ಎಷ್ಟು ಕಷ್ಟ, ಅಲ್ವಾ?

2011ರ ಜುಲೈನಲ್ಲಿ ಕ್ಲೋಯ್ನ್ ಧರ್ಮಪ್ರಾಂತ್ಯದ ವರದಿ ಬಂದಾಗ ಪ್ರಧಾನಿ ಎಂಡಾ ಕೆನಿ ಸಂಸತ್ತಿನಲ್ಲಿ ವ್ಯಾಟಿಕನ್ನನ್ನು ನೇರವಾಗಿ ಟೀಕಿಸಿದರು. ಸಂಸ್ಥೆಯ ಮಾನ ಉಳಿಸಲು ಮಕ್ಕಳ ನೋವನ್ನು ಚಿಕ್ಕದು ಮಾಡಲಾಯಿತು ಎಂದರು. ಕೆನಿ ಸ್ವತಃ ಪೂಜೆಗೆ ಹೋಗುವ ಕಥೋಲಿಕ. ಅರವತ್ತು ವರ್ಷದ ಹಿಂದೆ ಕಾಸ್ಟೆಲೊ ಮಾತಾಡಿದ್ದೂ ಇದೇ ಸಂಸತ್ತಿನಲ್ಲಿ.

ಹೆಂಗಸರ ಕಥೆ ಇನ್ನೊಂದು. ಮದುವೆಯಾಗದೆ ಗರ್ಭಿಣಿಯಾದವರು, ಮನೆಯವರಿಗೆ ಬೇಡವಾದವರು, ಇಂಥ ಎಷ್ಟೋ ಹೆಣ್ಣುಮಕ್ಕಳನ್ನು ಸಿಸ್ಟರುಗಳು ನಡೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಕೂಡಿಹಾಕಿ ಸಂಬಳವಿಲ್ಲದೆ ಬಟ್ಟೆ ಒಗೆಸುತ್ತಿದ್ದರು. 1922ರಿಂದ ಈಚೆಗೆ ಕನಿಷ್ಠ ಹತ್ತು ಸಾವಿರ ಮಂದಿ. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರಲ್ಲಿ. ಅಲ್ಲಿಗೆ ಸೇರಿದವರಲ್ಲಿ ಕಾಲು ಭಾಗದಷ್ಟು ಜನರನ್ನು ಸರ್ಕಾರವೇ ಕಳಿಸಿತ್ತು ಎಂದು 2013ರ ವರದಿ ತೋರಿಸಿತು. ಆ ವರ್ಷ ಕೆನಿ ದೇಶದ ಪರವಾಗಿ ಕ್ಷಮೆ ಕೇಳಿದರು. ಟುವಮ್ ಎಂಬ ಊರಿನ ತಾಯಿ-ಮಗು ಆಶ್ರಮ 1925ರಿಂದ 1961ರವರೆಗೆ ನಡೆದಿತ್ತು. ಕ್ಯಾಥರಿನ್ ಕೊರ್ಲೆಸ್ ಎಂಬ ಸ್ಥಳೀಯ ಇತಿಹಾಸಾಸಕ್ತೆ ಅಲ್ಲಿ ಸತ್ತ 796 ಮಕ್ಕಳ ಮರಣಪತ್ರಗಳನ್ನು ಒಂದೊಂದಾಗಿ ತೆಗೆಸಿದರು. ಆ ಮಕ್ಕಳನ್ನು ಹೂಳಿದ ದಾಖಲೆ ಎಲ್ಲೂ ಸಿಗಲಿಲ್ಲ. ದೇಹಗಳನ್ನು ಹೊರತೆಗೆದು ಗುರುತಿಸುವ ಅಗೆತ 2025ರಲ್ಲಿ ಶುರುವಾಯಿತು.

ಸರ್ಕಾರ, ಸಮಾಜ, ಹೆತ್ತವರು ಎಲ್ಲರೂ ಇದರಲ್ಲಿ ಪಾಲುದಾರರು. ಒಪ್ಪೋಣ. ಆದರೆ ದೀಕ್ಷಾಸ್ನಾನ (ತಲೆಗೆ ನೀರು ಹಾಕಿ ಧರ್ಮಕ್ಕೆ ಸೇರಿಸಿಕೊಳ್ಳುವ ಸಂಸ್ಕಾರ) ಪಡೆದ ಪ್ರತಿ ಮಗುವೂ ದೇವರ ಮಗು ಎಂದು ಕಲಿಸಿದವರು ಚರ್ಚಿನವರು. ಅವರಿಂದ ಜನ ಜಾಸ್ತಿ ನಿರೀಕ್ಷಿಸಿದ್ದರಲ್ಲಿ ತಪ್ಪೇನಿದೆ?

ಬೆಳಗಾವಿಯ ಮಗಳು

ಈ ಪ್ರಕರಣದ ಒಂದು ಮುಖ್ಯ ತಿರುವು ನಮ್ಮ ಕರ್ನಾಟಕದ ಒಂದು ಮನೆಯನ್ನು ಮುಟ್ಟುತ್ತದೆ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ ಗಂಡನ ಜೊತೆ ಗಾಲ್‌ವೇಯಲ್ಲಿದ್ದರು. 2012ರ ಅಕ್ಟೋಬರ್ 21ರಂದು ಬೆನ್ನುನೋವು ಎಂದು ಆಸ್ಪತ್ರೆಗೆ ಹೋದರು. 17 ವಾರದ ಗರ್ಭಿಣಿ. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದರು. ಹಾಗಿದ್ದರೆ ತೆಗೆಯಿರಿ ಎಂದು ಸವಿತಾ ಕೇಳಿದರು. ಮಗುವಿನ ಎದೆಬಡಿತ ಇನ್ನೂ ಇತ್ತು. ಎಂಟನೇ ತಿದ್ದುಪಡಿ ಇದ್ದುದರಿಂದ ವೈದ್ಯರು ಆಗುವುದಿಲ್ಲ ಎಂದರು. ನಂಜು ಏರಿತು. ಅಕ್ಟೋಬರ್ 28ರಂದು ಅವರು ತೀರಿಕೊಂಡರು. 31 ವರ್ಷ.

ಇದು ಕಥೋಲಿಕ ದೇಶ ಎಂಬ ಮಾತು ಆಸ್ಪತ್ರೆಯಲ್ಲಿ ಅವರಿಗೆ ಹೇಳಲಾಗಿತ್ತು. ವಿಚಾರಣೆಯಲ್ಲಿ ಅಲ್ಲಿನ ಶುಶ್ರೂಷಕಿಯೊಬ್ಬರು ಅದನ್ನು ಒಪ್ಪಿಕೊಂಡು ವಿಷಾದ ಹೇಳಿದರು. ನಂಜನ್ನು ಸಮಯಕ್ಕೆ ಗುರುತಿಸದ ವೈದ್ಯಕೀಯ ಲೋಪಗಳೂ ವಿಚಾರಣೆಯಲ್ಲಿ ಹೊರಬಂದವು. ಎರಡೂ ನಿಜ. ಆದರೆ ಜನರ ಮನಸ್ಸಿನಲ್ಲಿ ಉಳಿದಿದ್ದು ಆ ಮಾತು. ಸವಿತಾ ಕಥೋಲಿಕರೂ ಅಲ್ಲ, ಐರಿಷರೂ ಅಲ್ಲ. ಬೇರೆಯವರ ಧರ್ಮದ ಬೋಧನೆ ಕಾನೂನಾಗಿ ಅವರ ಮಂಚದ ಪಕ್ಕ ನಿಂತಿತ್ತು.

ಡಬ್ಲಿನ್‌ನ ಬೀದಿಗಳಲ್ಲಿ ಅವರ ಫೋಟೊ ಹಿಡಿದು ಸಾವಿರಾರು ಜನ ನಡೆದರು. 2018ರ ಮೇ 25ರಂದು ನಡೆದ ಜನಮತದಲ್ಲಿ ಶೇಕಡ 66.4 ಜನ ಎಂಟನೇ ತಿದ್ದುಪಡಿ ತೆಗೆಯಲು ಒಪ್ಪಿದರು. ಅದಕ್ಕೆ ಮುಂಚೆ ಸವಿತಾ ಅವರ ತಂದೆ ಬೆಳಗಾವಿಯಿಂದಲೇ ಐರಿಷ್ ಮತದಾರರಿಗೆ ಮನವಿ ಮಾಡಿದ್ದರು. 1983ರಲ್ಲಿ ಮೂರನೇ ಎರಡು ಭಾಗದಷ್ಟು ಜನ ಯಾವುದನ್ನು ಬೇಕು ಎಂದಿದ್ದರೋ 35 ವರ್ಷದ ನಂತರ ಅಷ್ಟೇ ಪಾಲು ಜನ ಅದನ್ನು ಬೇಡ ಎಂದರು.

ಗರ್ಭದಲ್ಲಿರುವ ಜೀವ ಅಮೂಲ್ಯ ಎಂದು ನಂಬುವವರಲ್ಲಿ ನಾನೂ ಒಬ್ಬ. ಆ ನಂಬಿಕೆಯನ್ನು ಬಿಟ್ಟುಕೊಡುವ ಉದ್ದೇಶ ನನಗಿಲ್ಲ. ಆದರೆ ಒಂದು ಬೋಧನೆಯನ್ನು ಪ್ರೀತಿಯಿಂದ ಮನವರಿಕೆ ಮಾಡುವುದು ಬೇರೆ, ಪೊಲೀಸ್ ಮತ್ತು ಕೋರ್ಟಿನ ಬಲದಿಂದ ಹೇರುವುದು ಬೇರೆ. ಐರ್ಲೆಂಡ್‌ನ ಬಿಷಪರು ಎರಡನೆಯದನ್ನು ನೆಚ್ಚಿಕೊಂಡರು. ಮನವರಿಕೆ ಮಾಡುವ ಅಭ್ಯಾಸವೇ ತಪ್ಪಿಹೋಯಿತು. ಕಾನೂನು ಹೋದ ದಿನ ಅವರ ಮಾತು ಕೇಳುವವರು ಕಡಿಮೆಯಾಗಿದ್ದರು.

ಅಂಕಿಗಳು

1961ರ ಜನಗಣತಿಯಲ್ಲಿ ಕಥೋಲಿಕರು ಸುಮಾರು ಶೇಕಡ 95. 2011ರಲ್ಲಿ 84. 2022ರಲ್ಲಿ 69. ಯಾವ ಧರ್ಮವೂ ಇಲ್ಲ ಎಂದವರು 2022ರಲ್ಲಿ ಏಳು ಲಕ್ಷ ದಾಟಿದರು, ಅಂದರೆ ಶೇಕಡ 14. ಡಬ್ಲಿನ್ ನಗರದಲ್ಲಿ ಕಥೋಲಿಕರು ಅರ್ಧಕ್ಕಿಂತ ಸ್ವಲ್ಪ ಮೇಲೆ. ಪಶ್ಚಿಮದ ಮೇಯೊ ಜಿಲ್ಲೆಯಲ್ಲಿ ಹತ್ತರಲ್ಲಿ ಎಂಟು. ಆ ಜನಗಣತಿಯಲ್ಲಿ ಪ್ರಶ್ನೆಯ ರೂಪವನ್ನೂ ಬದಲಾಯಿಸಿದ್ದರು. ನಿಮಗೆ ಧರ್ಮ ಇದ್ದರೆ ಯಾವುದು ಎಂದು ಕೇಳಿದ್ದರು, ಇಲ್ಲ ಎನ್ನುವ ಉತ್ತರವನ್ನು ಮೊದಲು ಇಟ್ಟಿದ್ದರು. ಇಳಿಕೆಯಲ್ಲಿ ಅದರ ಪಾಲೂ ಸ್ವಲ್ಪ ಇರಬಹುದು.

ಬೇರೆ ಗುರುತುಗಳೂ ಇವೆ. 1995ರಲ್ಲಿ ವಿಚ್ಛೇದನ ಬರೀ 9,114 ಮತಗಳ ಅಂತರದಲ್ಲಿ ಗೆದ್ದಿತು. 2015ರಲ್ಲಿ ಸಲಿಂಗ ವಿವಾಹಕ್ಕೆ ಶೇಕಡ 62 ಜನ ಒಪ್ಪಿದರು. ಆ ಫಲಿತಾಂಶದ ಮರುಕ್ಷಣವೇ ಡಬ್ಲಿನ್ ಮಹಾಧರ್ಮಾಧ್ಯಕ್ಷ ಡಯರ್ಮುಡ್ ಮಾರ್ಟಿನ್, ಧರ್ಮಸಭೆ ವಾಸ್ತವವನ್ನು ಕಣ್ಣುಬಿಟ್ಟು ನೋಡಬೇಕು ಎಂದರು. ಶುಭ ಶುಕ್ರವಾರ ಪಬ್‌ಗಳನ್ನು ಮುಚ್ಚಬೇಕೆಂಬ ನಿಯಮ 2018ರಲ್ಲಿ ಹೋಯಿತು. ಈಗ ನಡೆಯುವ ಮದುವೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಕಥೋಲಿಕ ಚರ್ಚಿನಲ್ಲಿ. 1795ರಲ್ಲಿ ಶುರುವಾದ, ಗುರುಗಳಾಗುವವರು ಓದುವ ಮೇನೂತ್ ಗುರುಮಠದಲ್ಲಿ ಒಂದು ಕಾಲಕ್ಕೆ 500 ವಿದ್ಯಾರ್ಥಿಗಳಿಗೆ ಜಾಗ ಸಾಲುತ್ತಿರಲಿಲ್ಲ. ಈಗ ಇರುವವರು ಕೆಲವು ಡಜನ್. ಡಬ್ಲಿನ್‌ನ ಕ್ಲಾನ್‌ಲಿಫ್ ಗುರುಮಠ 2000ದಲ್ಲಿ ಮುಚ್ಚಿತು. ಅದರ ಜಾಗ ಆಮೇಲೆ ಪಕ್ಕದ ಕ್ರೀಡಾ ಸಂಸ್ಥೆಗೆ ಮಾರಾಟವಾಯಿತು.

ಇಷ್ಟು ನೋಡಿ ಎಲ್ಲ ಮುಗಿಯಿತು ಎಂದುಕೊಂಡರೆ ಅದೂ ಸರಿಯಲ್ಲ. ಸಂಜೆ 6ಕ್ಕೆ ದೇಶದ ಟಿವಿಯಲ್ಲಿ ಪ್ರಾರ್ಥನೆಯ ಗಂಟೆ ಇವತ್ತಿಗೂ ಬಾರಿಸುತ್ತದೆ. ಜುಲೈ ಕೊನೆಯ ಭಾನುವಾರ ಕ್ರೋ ಪ್ಯಾಟ್ರಿಕ್ ಬೆಟ್ಟಕ್ಕೆ ಸಾವಿರಾರು ಜನ ಹತ್ತುತ್ತಾರೆ, ಕೆಲವರು ಬರಿಗಾಲಲ್ಲಿ. ಸಂತ ಬ್ರಿಜಿಡ್ ಹೆಸರಿನ ಹಬ್ಬಕ್ಕೆ 2023ರಿಂದ ಸರ್ಕಾರವೇ ರಜೆ ಘೋಷಿಸಿತು. ಯಾರಾದರೂ ತೀರಿಕೊಂಡರೆ ಊರಿಗೆ ಊರೇ ಚರ್ಚಿನಲ್ಲಿ ಸೇರುತ್ತದೆ. ಬಿಷಪರ ಮೇಲಿನ ಸಿಟ್ಟು ಸತ್ತವರಿಗಾಗಿ ಮಾಡುವ ಪ್ರಾರ್ಥನೆಯನ್ನು ಪೂರ್ತಿ ಅಳಿಸಿಲ್ಲ.

ಶಾಲೆ ಎಂಬ ಕಗ್ಗಂಟು

ನನ್ನ ಲೆಕ್ಕದಲ್ಲಿ ಈ ಪ್ರಕರಣದ ಜೀವಾಳ ಇರುವುದು ಇಲ್ಲಿ. ಐರ್ಲೆಂಡ್‌ನ ಪ್ರಾಥಮಿಕ ಶಾಲೆಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಇವತ್ತಿಗೂ ಕಥೋಲಿಕ ಆಡಳಿತದಲ್ಲಿವೆ. ಶಿಕ್ಷಕರ ಸಂಬಳ ಕೊಡುವುದು ಸರ್ಕಾರ. ಶಾಲೆಯ ಪೋಷಕ ಸ್ಥಾನದಲ್ಲಿ ಕೂರುವವರು ಬಿಷಪ್. ದಿನಕ್ಕೆ ಅರ್ಧ ಗಂಟೆ ಧರ್ಮಪಾಠ. ಏಳೆಂಟು ವರ್ಷದ ಮಕ್ಕಳಿಗೆ ಪ್ರಥಮ ಪರಮಪ್ರಸಾದದ (ಪೂಜೆಯ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದು) ತಯಾರಿ, ಹನ್ನೆರಡರ ಹೊತ್ತಿಗೆ ದೃಢೀಕರಣದ (ನಂಬಿಕೆಯನ್ನು ಗಟ್ಟಿ ಮಾಡುವ ಸಂಸ್ಕಾರ) ತಯಾರಿ, ಎರಡೂ ತರಗತಿಯಲ್ಲೇ.

ಪರಿಣಾಮ ಏನು ಗೊತ್ತಾ? ವರ್ಷಪೂರ್ತಿ ಚರ್ಚಿಗೆ ಬಾರದ ಮನೆಯಲ್ಲೂ ಮೇ ತಿಂಗಳಲ್ಲಿ ಮಗಳಿಗೆ ಬಿಳಿ ಗೌನು, ತಲೆಗೆ ಮುಸುಕು, ಮಧ್ಯಾಹ್ನ ಊಟ, ಅಂಗಳದಲ್ಲಿ ಮಕ್ಕಳು ಕುಣಿಯುವ ಗಾಳಿ ತುಂಬಿದ ಕೋಟೆ, ನೆಂಟರಿಂದ ಲಕೋಟೆಯಲ್ಲಿ ದುಡ್ಡು. ಮುಂದಿನ ಭಾನುವಾರ ಆ ಮಕ್ಕಳಲ್ಲಿ ಎಷ್ಟೋ ಜನ ಪೂಜೆಯಲ್ಲಿ ಕಾಣುವುದಿಲ್ಲ. ಗುರುಗಳಿಗೆ ಇದು ಗೊತ್ತು, ಶಿಕ್ಷಕರಿಗೆ ಗೊತ್ತು, ಅಪ್ಪ ಅಮ್ಮನಿಗೂ ಗೊತ್ತು. ತನಗೆ ನಂಬಿಕೆ ಇಲ್ಲದಿದ್ದರೂ ಕೆಲಸ ಉಳಿಸಿಕೊಳ್ಳಲು ಜಪ ಕಲಿಸುವ ಶಿಕ್ಷಕರೂ ಇದ್ದಾರೆ. ಇದರಿಂದ ಯಾರ ನಂಬಿಕೆಗೆ ಲಾಭ?

2018ರವರೆಗೆ ಇನ್ನೂ ಒಂದು ಸಂಕಟ ಇತ್ತು. ಸೀಟು ಕಡಿಮೆ ಇದ್ದಾಗ ಕಥೋಲಿಕ ಶಾಲೆಗಳು ದೀಕ್ಷಾಸ್ನಾನ ಆದ ಮಕ್ಕಳಿಗೆ ಮೊದಲ ಆದ್ಯತೆ ಕೊಡಬಹುದಿತ್ತು. ಹಾಗಾಗಿ ನಂಬಿಕೆ ಇಲ್ಲದವರೂ ಸೀಟಿಗಾಗಿ ಮಗುವಿನ ತಲೆಗೆ ನೀರು ಹಾಕಿಸಿದರು. ಸಂಸ್ಕಾರವನ್ನು ಅರ್ಜಿಯ ಜೊತೆ ಲಗತ್ತಿಸುವ ಪ್ರಮಾಣಪತ್ರ ಮಾಡಿದ ವ್ಯವಸ್ಥೆ ಅದು. ಹೊಸ ಕಾನೂನು ಅದನ್ನು ನಿಲ್ಲಿಸಿದಾಗ ಚರ್ಚಿನವರು ವಿರೋಧಿಸಿದರು. ನಿಲ್ಲಿಸಿದ್ದರಿಂದ ದೀಕ್ಷಾಸ್ನಾನಕ್ಕೆ ಹೋದ ಮರ್ಯಾದೆ ವಾಪಸ್ ಬಂತು ಎಂದು ನಾನು ನಂಬುತ್ತೇನೆ.

ಬೇರೆ ದಾರಿಯೂ ಹುಟ್ಟಿಕೊಂಡಿದೆ. 1978ರಲ್ಲಿ ಡಬ್ಲಿನ್ ಹತ್ತಿರದ ಡಾಲ್ಕಿಯಲ್ಲಿ ಕೆಲವು ಅಪ್ಪ ಅಮ್ಮಂದಿರು ಎಲ್ಲ ಧರ್ಮದವರಿಗೂ ಸೇರಿದ ಒಂದು ಶಾಲೆ ಶುರುಮಾಡಿದರು. ಅದರಿಂದ ಎಜುಕೇಟ್ ಟುಗೆದರ್ ಶಾಲೆಗಳ ಜಾಲ ಬೆಳೆಯಿತು. 2030ರ ಹೊತ್ತಿಗೆ ಇಂಥ ಬಹುಧರ್ಮೀಯ ಶಾಲೆಗಳು ಕನಿಷ್ಠ 400 ಇರಬೇಕು ಎಂಬುದು ಸರ್ಕಾರದ ಗುರಿ. ಬಿಷಪರು ತತ್ವದಲ್ಲಿ ಒಪ್ಪಿದ್ದಾರೆ. ಆದರೆ ಊರಿನ ಶಾಲೆ ಬಿಟ್ಟುಕೊಡುವ ಮಾತು ಬಂದ ಕೂಡಲೇ ಅಪ್ಪ ಅಮ್ಮಂದಿರೇ ಬೇಡ ಎನ್ನುತ್ತಾರೆ. ಅವರಲ್ಲಿ ಪೂಜೆಗೆ ಹೋಗದವರೂ ಇರುತ್ತಾರೆ. ಕ್ರಿಸ್ಮಸ್ ನಾಟಕ ನಿಂತುಹೋಗುತ್ತದೋ, ತಾವು ಓದಿದ ಶಾಲೆ ತಮ್ಮದಾಗಿ ಉಳಿಯುವುದಿಲ್ಲವೋ ಎನ್ನುವ ಭಯ ಅವರದು. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ದೇವರ ಬಗ್ಗೆ ಖಚಿತವಿಲ್ಲದ ಮನುಷ್ಯನಿಗೂ ತನ್ನ ಮಗು ಕುರಿಗಾಹಿಯ ವೇಷ ಹಾಕುವುದನ್ನು ನೋಡುವ ಆಸೆ ಇರುತ್ತದೆ.

ಉಳಿದವರು ಯಾರು

ಇವತ್ತು ಐರ್ಲೆಂಡ್‌ನ ಚರ್ಚಿನಲ್ಲಿ ಮೂರು ಬಗೆಯ ಜನ ಕಾಣುತ್ತಾರೆ. ಎಲ್ಲವನ್ನೂ ನೋಡಿ, ಅತ್ತು, ಆದರೂ ಬಿಡದೆ ಉಳಿದ ವಯಸ್ಸಾದವರು. ಯಾರೂ ಒತ್ತಾಯ ಮಾಡದಿದ್ದರೂ ತಾವೇ ಹುಡುಕಿಕೊಂಡು ಬಂದ ಕೆಲವು ಕಿರಿಯರು. ಮತ್ತೆ ಹೊರಗಿನಿಂದ ಬಂದವರು. ಪೋಲೆಂಡ್, ಬ್ರೆಜಿಲ್, ಫಿಲಿಪೀನ್ಸ್, ನೈಜೀರಿಯಾ, ನಮ್ಮ ಕೇರಳ. 2000ದ ನಂತರ ಐರಿಷ್ ಆಸ್ಪತ್ರೆಗಳಿಗೆ ಕೇರಳದ ನರ್ಸುಗಳು ದೊಡ್ಡ ಸಂಖ್ಯೆಯಲ್ಲಿ ಹೋದರು. ಇವತ್ತು ಡಬ್ಲಿನ್, ಕಾರ್ಕ್ ಕಡೆ ಕೇರಳದ ಕಥೋಲಿಕರ ಸಿರೋ ಮಲಬಾರ್ ಪದ್ಧತಿಯ ಪೂಜೆಗಳಲ್ಲಿ ಮಕ್ಕಳ ಗಲಾಟೆ ತುಂಬಿರುತ್ತದೆ. ಗುರುಗಳಿಲ್ಲದ ಧರ್ಮಕೇಂದ್ರಗಳಿಗೆ ಭಾರತದಿಂದ, ಆಫ್ರಿಕಾದಿಂದ ಗುರುಗಳು ಹೋಗುತ್ತಿದ್ದಾರೆ. ಒಂದು ಕಾಲಕ್ಕೆ ಐರಿಷ್ ಗುರುಗಳು ಈ ಕಡೆ ಬರುತ್ತಿದ್ದರು.

ಇದನ್ನು ಕೇಳಿ ಹೆಮ್ಮೆಪಡುವವರು ನಮ್ಮಲ್ಲಿದ್ದಾರೆ. ಹೆಮ್ಮೆಗಿಂತ ಎಚ್ಚರ ಬೇಕು ಅನಿಸುತ್ತದೆ ನನಗೆ. ಹೊರಗಿನವರು ಬಂದು ಬೆಂಚು ತುಂಬಿದ ಮಾತ್ರಕ್ಕೆ ಮನೆಯವರ ಗಾಯ ವಾಸಿಯಾಗುವುದಿಲ್ಲ. ಹಳೇ ವಿಧೇಯತೆ ಈ ಮೂಲಕ ವಾಪಸ್ ಬಂತು ಎಂದು ಅಲ್ಲಿನ ಯಾರಾದರೂ ಬಿಷಪ್ ಸಮಾಧಾನಪಟ್ಟರೆ ಅದೇ ಕಥೆ ಮತ್ತೆ ನಡೆಯಬಹುದು. ಆ ನರ್ಸುಗಳ ಮಕ್ಕಳು ಬೆಳೆಯುವುದು ಅದೇ ಶಾಲೆಗಳಲ್ಲಿ, ಅದೇ ಗೆಳೆಯರ ಜೊತೆ.

ಕರ್ನಾಟಕದಲ್ಲಿ ಕ್ರೈಸ್ತರು ಶೇಕಡ 2ರ ಆಸುಪಾಸು. ಸಂವಿಧಾನ ಬರೆಸುವ ಅಧಿಕಾರ ನಮಗಿಲ್ಲ. ಹಾಗಾಗಿ ಐರ್ಲೆಂಡ್‌ನ ಕಥೆ ನಮಗೆ ಅನ್ವಯಿಸುವುದಿಲ್ಲ ಅನ್ನುವುದು ಸುಲಭ. ಆದರೆ ನಮ್ಮ ಕೈಯಲ್ಲೂ ಶಾಲೆಗಳಿವೆ, ಹಾಸ್ಟೆಲುಗಳಿವೆ. ಗುರುಗಳ ಮೇಲೆ ದೂರು ಹೇಳಿದರೆ ಶತ್ರುಗಳಿಗೆ ಅಸ್ತ್ರ ಕೊಟ್ಟಂತೆ ಎನ್ನುವ ಮಾತು ನಮ್ಮಲ್ಲೂ ಓಡಾಡುತ್ತದೆ. ಅಲ್ಪಸಂಖ್ಯಾತರಾದ ನಮಗೆ ಆ ಭಯ ನಿಜವಾದದ್ದೇ. ಮಗುವಿನ ಮುಂದೆ ಅದು ನೆಪವಾಗಬಾರದು.

ಚರ್ಚಿನ ಮಾತಿಗೆ ಇವತ್ತಿಗೂ ಬೆಲೆ ಇರುವ ಜಾಗಗಳು ಐರ್ಲೆಂಡ್‌ನಲ್ಲಿ ಇವೆ. ಡಬ್ಲಿನ್‌ನ ಬೋ ಸ್ಟ್ರೀಟ್‌ನಲ್ಲಿ ಕಪುಚಿನ್ ಸಭೆಯ ಬ್ರದರ್ ಕೆವಿನ್ ಕ್ರೌಲಿ ಶುರುಮಾಡಿದ ಊಟದ ಮನೆಗೆ ದಿನವೂ ನೂರಾರು ಜನ ಬರುತ್ತಾರೆ. ಯಾರ ಧರ್ಮವನ್ನೂ ಕೇಳುವುದಿಲ್ಲ. ಪೋಪ್ ಫ್ರಾನ್ಸಿಸ್ 2018ರಲ್ಲಿ ಅಲ್ಲಿಗೂ ಹೋಗಿದ್ದರು. ಸಿಸ್ಟರ್ ಸ್ಟಾನಿಸ್ಲಾಸ್ ಕೆನೆಡಿ 1985ರಲ್ಲಿ ಕಟ್ಟಿದ ಫೋಕಸ್ ಐರ್ಲೆಂಡ್ ಮನೆಯಿಲ್ಲದವರಿಗಾಗಿ ಕೆಲಸ ಮಾಡುತ್ತದೆ. ಬಿಷಪರನ್ನು ಕಟುವಾಗಿ ಟೀಕಿಸುವವರೂ ಇವರ ಬಗ್ಗೆ ಗೌರವದಿಂದ ಮಾತಾಡುತ್ತಾರೆ. ಇವರ ಕೈಯಲ್ಲಿ ಯಾರನ್ನೂ ಬಗ್ಗಿಸುವ ಅಧಿಕಾರ ಇರಲಿಲ್ಲ.

ಬಿಷಪರು 2021ರಲ್ಲಿ ದೇಶದಾದ್ಯಂತ ಜನರ ಮಾತು ಕೇಳುವ ಕೆಲಸ ಶುರುಮಾಡಿದರು. 2022ರ ಆಗಸ್ಟ್‌ನಲ್ಲಿ ಅದರ ಸಾರವನ್ನು ರೋಮಿಗೆ ಕಳಿಸಿದರು. ದೌರ್ಜನ್ಯದ ಗಾಯ, ಹೆಂಗಸರಿಗೆ ಸಿಗದ ಸ್ಥಾನ, ಸಲಿಂಗಿಗಳಿಗಾದ ನೋವು ಎಲ್ಲವೂ ಅದರಲ್ಲಿ ಬಂದಿವೆ. ಕೇಳಿಸಿಕೊಂಡಿದ್ದು ಒಳ್ಳೆಯದು. ಕೇಳಿಸಿಕೊಂಡ ಮೇಲೆ ಏನು ಬದಲಾಯಿತು ಎಂದು ಜನ ಈಗ ಕೇಳುತ್ತಿದ್ದಾರೆ.

ಪರಮಪ್ರಸಾದದ ತಯಾರಿಯನ್ನು ಶಾಲೆಯಿಂದ ಧರ್ಮಕೇಂದ್ರಕ್ಕೆ ತರುವ ಯೋಜನೆಯನ್ನು ಡಬ್ಲಿನ್ ಮಹಾಧರ್ಮಪ್ರಾಂತ್ಯ ಹಾಕಿಕೊಂಡಿದೆ. ಅದು ಪೂರ್ತಿ ಜಾರಿಯಾದರೆ ಅಪ್ಪ ಅಮ್ಮ ತಾವೇ ಬಂದು ಹೆಸರು ಬರೆಸಬೇಕು, ಮಗುವಿನ ಜೊತೆ ತಾವೂ ಕೂರಬೇಕು. ಬಿಳಿ ಗೌನುಗಳ ಸಂಖ್ಯೆ ಕಡಿಮೆಯಾಗುವುದು ಖಂಡಿತ. 2027ರ ಜನಗಣತಿಯಲ್ಲಿ ಶೇಕಡ 69 ಎನ್ನುವ ಅಂಕಿ ಇನ್ನೂ ಇಳಿದರೆ ನನಗೆ ಅಚ್ಚರಿಯಾಗುವುದಿಲ್ಲ, ಅಷ್ಟೊಂದು ಬೇಸರವೂ ಆಗುವುದಿಲ್ಲ. ನಾನು ತಿಳಿಯಲು ಕಾಯುತ್ತಿರುವುದು ಬೇರೆ ಲೆಕ್ಕವನ್ನು. ಸೀಟು, ನೆಂಟರು, ಲಕೋಟೆ ಯಾವುದರ ಒತ್ತಾಯವೂ ಇಲ್ಲದೆ ಎಷ್ಟು ಮನೆಯವರು ಬಂದು ಆ ಹೆಸರು ಬರೆಸುತ್ತಾರೆ ಎನ್ನುವುದನ್ನು.